ಸುಶೀಲಾ ಆಂಟಿಯ ಹವಳದ ಗಿಡ

ಡಾಲಸ್ ಹತ್ತಿರದ ಪ್ರಾಸ್ಪರಿನಲ್ಲಿ ನಾವು ಕೊಳ್ಳುತ್ತಿರುವ ಹೊಸ ಮನೆಯ ಬಿಲ್ಡರ್ ಹೋದ ವಾರ ಒಂದು ಪಟ್ಟಿ ಕಳಿಸಿದ್ದ. ಮನೆಯ ಮುಂದೆ ಎರಡು ಮರ ಇರಲೇಬೇಕಂತೆ, ಈ ಪಟ್ಟಿಯೊಳಗಿಂದಲೇ ಆರಿಸಬೇಕಂತೆ. ನನ್ನ ಗಂಡ ಪ್ರಕಾಶ್ ಸೋಫಾದಲ್ಲಿ ಕೂತು ಒಂದೊಂದೇ ಹೆಸರು ಓದುತ್ತಿದ್ದ. ಓಕ್ ಆಯಿತು, ಎಲ್ಮ್ ಆಯಿತು, ಕ್ರೇಪ್ ಮರ್ಟಲ್ ಆಯಿತು. ಆಮೇಲೆ "ಪಾಸಮ್‌ಹಾ ಹಾಲಿ, ಇದೇನೋ ಚಳಿಗಾಲದಲ್ಲಿ ಕೆಂಪು ಹಣ್ಣು ಬಿಡುತ್ತಂತೆ" ಅಂದ. ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ಹೊರಗೆ ಹೋಗಿ ನಿಂತೆ. ಆ ಹೆಸರು ಕೇಳಿದರೆ ಈಗಲೂ ನನ್ನ ಎಡ ಎದೆಯ ಚರ್ಮ ಚುರುಗುಟ್ಟುತ್ತದೆ.

ಆರು ವರ್ಷದ ಹಿಂದೆ, ಹ್ಯೂಸ್ಟನ್ನಿನಲ್ಲಿ ಕಳೆದ ಒಂದು ವಸಂತದ ಮಾತು ಇದು. ನಾವು ಆಗ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೆವು. ಡಿಸೆಂಬರ್ ಮಧ್ಯದಲ್ಲಿ ನನ್ನ ಎಡ ಸ್ತನದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಜನವರಿಯಲ್ಲಿ ತೆಗೆದರು. ಚಿಕ್ಕದು, ಬೇಗ ಸಿಕ್ಕಿದೆ, ಆದರೆ ಕ್ಯಾನ್ಸರ್ ಹೌದು ಅಂದರು. ಮಾರ್ಚಿನಿಂದ ಆರು ವಾರ ರೇಡಿಯೇಶನ್ ಕೊಡಬೇಕಿತ್ತು. ಆಸ್ಟಿನ್ನಿನಲ್ಲೇ ಮಾಡಿಸಬಹುದಿತ್ತು. ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಯೇ ಆಗಲಿ ಅನ್ನೋದು ಪ್ರಕಾಶನ ಹಠ. ನಾನೂ ಒಪ್ಪಿಕೊಂಡೆ, ಆದರೆ ನನ್ನ ಕಾರಣ ಬೇರೆ. ಊರಲ್ಲೇ ಇದ್ದರೆ ಇಳಾಗೆ ಗೊತ್ತಾಗಿಬಿಡುತ್ತಿತ್ತು.

ಇಳಾ ನಮ್ಮ ಒಬ್ಬಳೇ ಮಗಳು. ಆಗ ಹದಿನಾಲ್ಕು. ಅದರ ಹಿಂದಿನ ವರ್ಷ ಅವಳ ಜೊತೆ ವಯೊಲಿನ್ ನುಡಿಸುತ್ತಿದ್ದ ಹುಡುಗಿಯ ತಾಯಿ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಇಳಾ ಎಷ್ಟೋ ತಿಂಗಳು ನಮ್ಮ ರೂಮಿನಲ್ಲೇ ಮಲಗಿದ್ದಳು. ಈಗಷ್ಟೇ ಸರಿಹೋಗಿದ್ದ ಹುಡುಗಿಗೆ ಏನಂತ ಹೇಳುವುದು? ಆಪರೇಶನ್ ಆದಾಗ "ಕೆಟ್ಟ ಗಂಟಲ್ಲ, ಸುಮ್ಮನೆ ತೆಗೆಸಿದ್ದು" ಅಂದೆವು. ಹ್ಯೂಸ್ಟನ್ನಿಗೆ ಹೊರಟಾಗ "ಆಫೀಸಿನ ಟ್ರೈನಿಂಗ್" ಅಂದೆವು. ಎರಡನ್ನೂ ಅವಳು ನಂಬಿದಳು. ಅಷ್ಟು ಸುಲಭವಾಗಿ ನಂಬಿದ್ದು ನೋಡಿ ನನಗೆ ಸಮಾಧಾನಕ್ಕಿಂತ ಸಂಕಟವೇ ಜಾಸ್ತಿಯಾಯಿತು.

ಹ್ಯೂಸ್ಟನ್ನಿನಲ್ಲಿ ಇಳಿದುಕೊಳ್ಳಲು ಪ್ರಕಾಶನ ಸ್ನೇಹಿತನೊಬ್ಬ ದೇಸಾಯಿ ಅಂಕಲ್ ಮನೆ ಹೇಳಿದ. ಧಾರವಾಡದವರು. ಅಂಕಲ್ ಎನರ್ಜಿ ಕಾರಿಡಾರ್ ಅನ್ನುವ ಬಡಾವಣೆಯ ಒಂದು ಆಯಿಲ್ ಕಂಪನಿಯಲ್ಲಿ ಮೂವತ್ತು ವರ್ಷ ಪೈಪ್‌ಲೈನ್ ಇಂಜಿನಿಯರ್ ಆಗಿದ್ದು ರಿಟೈರ್ ಆಗಿದ್ದರು. ಮನೆಯೂ ಅಲ್ಲೇ ಹತ್ತಿರ, ಹಿಂದುಗಡೆ ಒಂದು ಕಾಲುವೆ, ಕಾಲುವೆಯ ಪಕ್ಕ ನಡೆದಾಡುವ ದಾರಿ. ಅವರ ಹೆಂಡತಿ ಸುಶೀಲಾ ಆಂಟಿ ನನ್ನನ್ನು ಮೊದಲ ಸಲ ನೋಡಿದಾಗ ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ನಿಮ್ಮ ಮೈಸೂರಾಗ ಮುಂಜಾನಿಗೆ ಏನು ತಿಂತೀರಿ? ನನಗ ಅವಲಕ್ಕಿ ಬಿಟ್ರ ಬ್ಯಾರೆ ಬರಂಗಿಲ್ಲ" ಅಂದರು. ಆಮೇಲೆ ಎರಡೇ ದಿನಕ್ಕೆ ವಸುಧಾ ಅನ್ನುವ ನನ್ನ ಹೆಸರು ಬಿಟ್ಟು "ತಂಗಿ" ಅಂತ ಕರೆಯತೊಡಗಿದರು.

ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆ. ಮೇಜಿನ ಮೇಲೆ ಎಡಗೈ ತಲೆಯ ಹಿಂದಿಟ್ಟು ಮಲಗಬೇಕು. ಹೃದಯಕ್ಕೆ ಏಟಾಗಬಾರದು ಅಂತ ಆ ಯಂತ್ರ ಕಿರಣ ಬಿಡುವಷ್ಟು ಹೊತ್ತು ಉಸಿರು ಕಟ್ಟಿ ಹಿಡಿಯಬೇಕು. ಬಿಡಿ ಅಂದಾಗ ಬಿಡಬೇಕು. ಹೀಗೆ ನಾಲ್ಕಾರು ಸಲ, ಎಲ್ಲ ಸೇರಿ ಕಾಲು ಗಂಟೆ. ಹತ್ತೂವರೆಗೆಲ್ಲ ಮನೆಗೆ ವಾಪಸ್. ಮಿಕ್ಕ ದಿನ ಏನು ಮಾಡಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ. ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ಎದ್ದುಬಿಡುತ್ತಿದ್ದೆ. ಒಂದು ದಿನ ಆಂಟಿಯ ಮಸಾಲೆ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಬೇರೆ ಥರ ಜೋಡಿಸಿಟ್ಟೆ. ಮಧ್ಯಾಹ್ನ ಆಂಟಿ ಜೀರಿಗೆ ಹುಡುಕುವಷ್ಟರಲ್ಲಿ ಒಗ್ಗರಣೆ ಕರಟಿಹೋಯಿತು. "ನೀ ಒಂದು ಕಡೆ ಕೂಡೂದು ಕಲಿ, ತಂಗಿ" ಅಂದರು. ಸಿಟ್ಟಿನಿಂದಲ್ಲ. ಆದರೂ ನಾನು ಅವತ್ತು ಕಾಲುವೆಯ ದಾರಿಯಲ್ಲಿ ಮೂರು ಸಲ ಆ ತುದಿಯಿಂದ ಈ ತುದಿಗೆ ನಡೆದೆ. ಓಕ್ ಮರಗಳ ಪರಾಗ ಉದುರುವ ಕಾಲ ಅದು. ದಾರಿ, ಬೆಂಚು, ಕಾರಿನ ಗಾಜು, ಎಲ್ಲದರ ಮೇಲೂ ಹಳದಿ ಧೂಳು. ಸಂಜೆ ಇಳಾ ಫೋನ್ ಮಾಡುವ ಹೊತ್ತಿಗೆ ಲ್ಯಾಪ್‌ಟಾಪ್ ತೆಗೆದಿಟ್ಟುಕೊಂಡು, ಟ್ರೈನಿಂಗ್ ಮುಗಿಸಿ ಬಂದವಳ ಹಾಗೆ ಕೂರುತ್ತಿದ್ದೆ.

ಎರಡನೇ ವಾರ ಆಂಟಿ ನನ್ನನ್ನು ಮುಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದು ಗಿಡ ತೋರಿಸಿದರು, ಪಾಸಮ್‌ಹಾ ಹಾಲಿ. ನನಗಿಂತ ಎರಡು ಮೊಳ ಎತ್ತರ, ಬೂದು ಬಣ್ಣದ ತೆಳು ಕೊಂಬೆಗಳು, ಆಗಷ್ಟೇ ಚಿಗುರೊಡೆದ ಎಲೆ. ಹಿಂದೊಮ್ಮೆ ಡಾಲಸ್‌ನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದಾಗ ಪಕ್ಕದ ಮನೆಯಲ್ಲಿ ಇಂಥದ್ದನ್ನು ಅವರು ನೋಡಿದ್ದರಂತೆ.

"ಡಿಸೆಂಬರ್ ತಿಂಗಳು. ಮೈಮ್ಯಾಲೆ ಒಂದು ಎಲಿ ಇಲ್ಲ. ಕಡ್ಡಿಕಡ್ಡಿಗೆ ಹವಳ ಪೋಣಿಸಿದಂಗ ಹಣ್ಣು. ನಾ ಅಲ್ಲೇ ನಿಂತುಬಿಟ್ಟೆ. ಈ ಹ್ಯೂಸ್ಟನ್ನಾಗ ಗಿಡಾ ಅಂದ್ರ ವರ್ಷಪೂರ್ತಿ ಹಸರ ಅಂದ್ರ ಹಸರ. ನಮ್ಮ ಮನಿ ಮುಂದನೂ ಒಂದಷ್ಟು ಬಣ್ಣಾ ಬರ್ಲಿ ಅಂತ ತಂದು ಹಚ್ಚಿದೆ. ಐದು ವರ್ಷಾತು. ಎಲಿ ಹಳದಿ ಆಗತದ, ಉದುರತದ, ಮುಗೀತು. ಒಂದು ಕಾಯಿ ಬಿಡಂಗಿಲ್ಲ."

ಆಂಟಿ ಮಾಡದ ಉಪಾಯ ಇರಲಿಲ್ಲ. ಕಾಫಿ ಚರಟ ಹಾಕಿದ್ದರು, ಹುಳಿ ಮಜ್ಜಿಗೆ ಹಾಕಿದ್ದರು, ಅಂಗಡಿಯ ಗೊಬ್ಬರ ಹಾಕಿದ್ದರು, ಕೊನೆಗೆ ರಾಯರಿಗೆ ಹರಕೆಯನ್ನೂ ಹೊತ್ತಿದ್ದರು. ಅಂಕಲ್‌ಗೆ ಆ ಗಿಡ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು ಬೋಳಪ್ಪ. ಅದನ್ನು ಕಡಿಸಿ ಆ ಜಾಗದಲ್ಲಿ ನಿಂಬೆ ಹಾಕಬೇಕೆಂದು ಅವರ ಆಸೆ. ಈ ವರ್ಷ ಕೊನೆಯ ಅವಕಾಶ ಅಂತ ಮಾತಾಗಿತ್ತು.

"ನೀ ಮೈಸೂರಾಗ ಕಾಲೇಜಿನಾಗ ಬಯಾಲಜಿ ಕಲಿಸ್ತಿದ್ದಿ ಅಂತಲ್ಲ," ಅಂದರು ಆಂಟಿ. "ಹೂ ಬಿಡೂ ಹೊತ್ತು ಬಂದದ. ಏನು ಕೊರತೀ ಅದ ನೋಡಿ ಹೇಳು."

ನಿಜ, ಮದುವೆಗೆ ಮುಂಚೆ ನಾಲ್ಕು ವರ್ಷ ಪಿಯುಸಿ ಮಕ್ಕಳಿಗೆ ದಾಸವಾಳ ಬಿಡಿಸಿ ತೋರಿಸಿದವಳು ನಾನು. ಇಲ್ಲಿಗೆ ಬಂದಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಅದನ್ನೆಲ್ಲ ಮರೆತಿದ್ದೆ. ಕೈಗೊಂದು ಕೆಲಸ ಸಿಕ್ಕಿತಲ್ಲ ಅಂತ ನನಗೆ ಜೀವ ಬಂದ ಹಾಗಾಯಿತು. ದಿನಕ್ಕೆ ನಾಲ್ಕು ಸಲ ಹೋಗಿ ಮೊಗ್ಗು ನೋಡುತ್ತಿದ್ದೆ. ಅದರ ಬಗ್ಗೆ ಓದಿದೆ. ಪಪ್ಪಾಯಿಯಲ್ಲಿರುವ ಹಾಗೆ ಈ ಜಾತಿಯಲ್ಲೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಆಂಟಿಯದು ಹೆಣ್ಣು, ಹತ್ತಿರದಲ್ಲಿ ಗಂಡಿಲ್ಲ, ಅದಕ್ಕೇ ಕಾಯಿಲ್ಲ ಅಂತ ನಾನು ಊಹಿಸಿದೆ. ಹಾಗಿದ್ದರೆ ಒಂದು ಗಂಡು ಗಿಡ ತಂದು ನೆಟ್ಟರಾಯಿತು.

ನಾಲ್ಕನೇ ವಾರದ ಮೊದಲ ದಿನ ಹೂ ಅರಳಿತು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಹೂ, ಗೊಂಚಲು ಗೊಂಚಲು. ಅಂಕಲ್ ಪಂಚಾಂಗ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ಇಸಿದುಕೊಂಡು ಹೋದೆ. ಹೆಣ್ಣು ಹೂವಾದರೆ ನಡುವೆ ಸಾಸಿವೆಯಂಥ ಹಸಿರು ಗುಂಡು ಇರಬೇಕು. ಇರಲಿಲ್ಲ. ಸುತ್ತ ನಾಲ್ಕು ಕೇಸರ, ತುದಿಯಲ್ಲಿ ಹಳದಿ ಪುಡಿ. ಇನ್ನೊಂದು ಹೂ ನೋಡಿದೆ. ಬೇರೆ ಕೊಂಬೆಯದು ನೋಡಿದೆ. ಏಣಿ ತಂದು ಮೇಲಿನದ್ದು ನೋಡಿದೆ. ಎಲ್ಲವೂ ಗಂಡು ಹೂವೇ. ಆ ಗಿಡ ಇನ್ನೂ ಐವತ್ತು ವರ್ಷ ನಿಂತರೂ ಒಂದು ಕಾಯಿ ಬಿಡುವುದು ಸಾಧ್ಯವಿರಲಿಲ್ಲ.

ಆಂಟಿ ಬಾಗಿಲಲ್ಲಿ ನಿಂತಿದ್ದರು. "ಏನಂತದ ಗಿಡ?" ಅಂತ ಕೇಳಿದರು.

"ಹೂ ಚೆನ್ನಾಗಿದೆ ಆಂಟಿ. ಇನ್ನೂ ಸ್ವಲ್ಪ ದಿನ ನೋಡೋಣ" ಅಂದೆ.

ಯಾಕೆ ಹಾಗಂದೆನೋ. ಅವರ ಮುಖ ನೋಡಿ ಬಾಯಿ ಬರಲಿಲ್ಲ ಅಷ್ಟೆ. ನಾಳೆ ಹೇಳೋಣ ಅಂದುಕೊಂಡೆ. ಮಾರನೇ ದಿನ ಅವರು ಡಾಲಸ್ಸಿನ ಗೆಳತಿಗೆ ಫೋನ್ ಮಾಡಿ, "ಈ ಸಲ ಗೊಂಚಲ ಗೊಂಚಲ ಬಿಟ್ಟದ. ನಮ್ಮನ್ಯಾಗ ಒಬ್ಬಾಕಿ ಬಯಾಲಜಿ ಟೀಚರ್ ಬಂದಾಳ" ಅನ್ನುತ್ತಿದ್ದರು. ಅದಾದ ಮೇಲೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಬೆಳಿಗ್ಗೆ ಹೊತ್ತು ಅವರು ಅಂಗಳಕ್ಕೆ ಹೋಗಿ ಒಂದು ಕೊಂಬೆಯ ಹೂಗಳನ್ನು ಎಣಿಸುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಚರ್ಮ ಕೆಂಪಾಗಿ, ಕಂಕುಳ ಕೆಳಗೆ ಸುಲಿಯತೊಡಗಿತ್ತು. ಬಟ್ಟೆ ತಾಗಿದರೆ ಉರಿ. ಕೂರಲೂ ಆಗದು, ಮಲಗಲೂ ಆಗದು. ಕಾಲುವೆಯ ದಾರಿಯಲ್ಲಿ ಮತ್ತಷ್ಟು ನಡೆದೆ.

ಹಾಗೆ ನಡೆಯುವಾಗಲೇ, ನಾಲ್ಕು ಮನೆ ಆಚೆ, ಒಂದು ಹಿತ್ತಲಿನ ತಂತಿ ಬೇಲಿಯ ಪಕ್ಕ ಅದೇ ಜಾತಿಯ ಗಿಡ ಕಂಡಿತು. ಹಳೆಯದು, ದಪ್ಪ ಬುಡ. ಹೂ ಉದುರಿದ ಕಡೆಯಲ್ಲೆಲ್ಲ ಪುಟ್ಟ ಪುಟ್ಟ ಹಸಿರು ಕಾಯಿ. ನಾನು ಬೇಲಿಗೆ ಮುಖ ಒತ್ತಿಕೊಂಡು ನೋಡುತ್ತಿರುವಾಗ ಆ ಮನೆಯ ಅಜ್ಜಿ ಹೊರಗೆ ಬಂದರು. ಡೋರಿಸ್ ಅಂತ ಹೆಸರು, ಎಂಬತ್ತು ದಾಟಿದ್ದ ಬಿಳಿಯ ಹೆಂಗಸು. ತಮ್ಮ ಗಂಡ ಬದುಕಿದ್ದಾಗ ನೆಟ್ಟದ್ದು ಅಂದರು. ಹಣ್ಣಿನ ಬಗ್ಗೆ ಕೇಳಿದೆ. ಮೊದಲು ಎಷ್ಟೋ ವರ್ಷ ಅಲ್ಲೊಂದು ಇಲ್ಲೊಂದು ಅಷ್ಟೆ, ಈಗ ಮೂರು ನಾಲ್ಕು ಚಳಿಗಾಲದಿಂದ ಕೊಂಬೆ ಬಾಗುವಷ್ಟು ಬಿಡುತ್ತಿದೆ, ಯಾಕೋ ದೇವರೇ ಬಲ್ಲ ಅಂದರು. ನನಗೆ ಯಾಕೆ ಅಂತ ಗೊತ್ತಾಯಿತು: ಇದು ಹೆಣ್ಣು ಗಿಡ, ಪರಾಗ ಬರುತ್ತಿದ್ದದ್ದು ಆಂಟಿಯ ಗಂಡು ಗಿಡದಿಂದ. ನೂರಕ್ಕೆ ನೂರು ಹೇಳಲಾರೆ, ಜೇನುಹುಳ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕಂಡವರು ಯಾರು. ಆದರೆ ಆಂಟಿಯ ಗಿಡ ಹೂ ಬಿಡುವಷ್ಟು ದೊಡ್ಡದಾದದ್ದೂ ಅದೇ ಮೂರು ನಾಲ್ಕು ವರ್ಷದಿಂದ.

ಇಷ್ಟನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಒದ್ದಾಡಿದೆ. ಐದನೇ ವಾರ ಸುಸ್ತು ಜಾಸ್ತಿಯಾಗಿದ್ದರಿಂದ ಆಸ್ಪತ್ರೆಗೆ ಅಂಕಲ್ ಡ್ರೈವ್ ಮಾಡುತ್ತಿದ್ದರು. ಗುರುವಾರ ವಾಪಸ್ ಬರುವಾಗ ಅವರು, "ಹೂ ಬಿಟ್ಟದ ಅಂತ ಆಕಿ ಕುಣೀಲಿಕ್ಕತ್ತಾಳ. ಕಾಯಿ ಆಗಲಿಲ್ಲಂದ್ರ ಈ ಸಲ ನಾ ಕೇಳಂಗಿಲ್ಲ. ಮರ ಕಡಿಯೋ ಮಂದಿಗೆ ಹೇಳಿ ಇಟ್ಟೇನಿ" ಅಂದರು. ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. "ಆಂಟಿಗೆ ನಾನೇ ಹೇಳ್ತೀನಿ, ನೀವು ಹೇಳಬೇಡಿ ಅಂಕಲ್" ಅಂತಲೂ ಕೇಳಿಕೊಂಡೆ. ಅವರು ಸುಮ್ಮನೆ ತಲೆಯಾಡಿಸಿದರು.

ಅವತ್ತು ಸಂಜೆ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಆಂಟಿ ಇನ್ನೊಂದು ಚೀಲ ಗೊಬ್ಬರ ತರಬೇಕು ಅಂದರು. ಅಂಕಲ್ ಚಪಾತಿ ಮುರಿಯುತ್ತಾ, "ಎಷ್ಟ ಗೊಬ್ಬರ ಹಾಕಿದ್ರೂ ಅಷ್ಟ. ಅದು ಗಂಡು ಗಿಡ ಅದ. ವಸುಧಾನ ಹೇಳ್ಯಾಳ" ಅಂದುಬಿಟ್ಟರು. ಆಂಟಿ ನನ್ನ ಕಡೆ ನೋಡಲಿಲ್ಲ. ಎದ್ದು ಒಳಗಿಂದ ಮೊಸರು ತಂದು ನನ್ನ ತಟ್ಟೆಗೆ ಹಾಕಿದರು.

ಬೆಳಿಗ್ಗೆ ನಾನು ಅಡಿಗೆಮನೆಗೆ ಬಂದಾಗ ಅವರು ಅವಲಕ್ಕಿ ತೋಯಿಸುತ್ತಿದ್ದರು.

"ನಿನಗ ಗೊತ್ತಾಗಿ ಎಷ್ಟ ದಿನಾತು?"

"ಹನ್ನೊಂದು ದಿನ ಆಂಟಿ."

"ಹನ್ನೊಂದು ದಿನ ನಾ ಹೂ ಎಣಿಸ್ಕೋತ ನಿಂತಿದ್ದೆ. ನೀ ಕಿಡಕ್ಯಾಗಿಂದ ನೋಡ್ತಿದ್ದಿ."

"ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಆಂಟಿ. ಐದು ವರ್ಷ ಕಾದಿದ್ದೀರಿ."

"ಬ್ಯಾಸರ ಆಗತದ. ಆಗಲಿ. ಅದು ನನ್ನ ಬ್ಯಾಸರ. ಅದನ್ನ ನೀ ಯಾಕ ಕಟ್ಟಿ ಇಟಗೊಂಡು ಕೂತಿ?" ಅವರ ಧ್ವನಿ ಏರಲಿಲ್ಲ. "ನಾ ಏನು ಹೂವಿನಂಗ ಉದುರಿಹೋಗ್ತಿದ್ದೆ ಏನು? ಮಂದಿ ನನ್ನ ನೋಡಿ ಅಯ್ಯೋ ಅಂದ್ರ ನನಗ ಆಗಂಗಿಲ್ಲ, ತಂಗಿ. ಅದಕ್ಕಂತನ ನೀ ಬಂದ ದಿನ ನಿನ್ನ ಬ್ಯಾನಿ ಬಗ್ಗೆ ನಾ ಏನೂ ಕೇಳಲಿಲ್ಲ." ಅವಲಕ್ಕಿ ಹಿಂಡಿ ತೆಗೆಯುತ್ತಾ ಅಂದರು: "ದಿನಾ ಸಂಜೀಕ ಫೋನಿನ್ಯಾಗ ಮಗಳಿಗೆ ಟ್ರೈನಿಂಗ್ ಕತಿ ಹೇಳ್ತೀ. ನನ್ನ ಕಿವಿಗೂ ಬೀಳತದ."

ನನಗೆ ಸಿಟ್ಟು ಬಂತು. ನನ್ನ ಮಗಳ ವಿಷಯ ಇವರಿಗೇನು ಗೊತ್ತು ಅನ್ನಿಸಿತು. ಅವಲಕ್ಕಿ ಮುಟ್ಟದೆ, ಅಂಕಲ್‌ಗೆ ಬೇಡ ಅಂತ ಹೇಳಿ, ನಾನೇ ಕಾರು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಅವತ್ತು ಉಸಿರು ನಿಲ್ಲಲೇ ಇಲ್ಲ. ಹಿಡಿಯುತ್ತಿದ್ದೆ, ಮಧ್ಯದಲ್ಲೇ ಬಿಟ್ಟುಹೋಗುತ್ತಿತ್ತು. ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡಿದರು. ಮೂರನೇ ಸಲ ಟೆಕ್ನಿಶಿಯನ್ ಒಳಗೆ ಬಂದು, ಏನಾದರೂ ಯೋಚನೆಯಾ ಅಂತ ಕೇಳಿದಳು. ಇಲ್ಲ ಅಂದೆ.

ಹೊರಗೆ ಬಂದು ಫ್ರೀವೇ ಹತ್ತಿದೆ. ಆಂಟಿಯ ಮನೆಯ ಎಕ್ಸಿಟ್ ಬಂತು, ಇಳಿಯಲಿಲ್ಲ. ಕೇಟಿ ಅನ್ನುವ ಊರೂ ದಾಟಿತು. ಸೀಟ್ ಬೆಲ್ಟ್ ಎಡ ಹೆಗಲಿನಿಂದ ಉರಿಯುವ ಜಾಗದ ಮೇಲೇ ಹಾದುಹೋಗುತ್ತಿತ್ತು. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡೇ ಓಡಿಸಿದೆ. ಕೊಲಂಬಸ್ ಹತ್ತಿರ ಒಂದು ಗ್ಯಾಸ್ ಸ್ಟೇಶನ್ನಿನಲ್ಲಿ ನಿಲ್ಲಿಸಿ ಪ್ರಕಾಶನಿಗೆ ಫೋನ್ ಮಾಡಿದೆ.

"ನಾನು ಮನೆಗೆ ಬರ್ತಿದೀನಿ. ಇಳಾಗೆ ಹೇಳ್ತೀನಿ."

"ಈಗಲಾ? ಇನ್ನೊಂದು ವಾರಕ್ಕೆ ಟ್ರೀಟ್‌ಮೆಂಟೇ ಮುಗಿಯುತ್ತೆ ವಸು. ಇಷ್ಟು ದಿನ ಕಾಪಾಡಿಕೊಂಡು ಬಂದು ಈಗ ಯಾಕೆ ಹೇಳ್ಬೇಕು? ಅವಳು ಮತ್ತೆ ನಿದ್ದೆ ಬಿಟ್ಟರೆ?"

"ಬಿಟ್ಟರೆ ಜೊತೆಗೆ ಎದ್ದಿರೋಣ" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ, ಫೋನ್ ಇಟ್ಟು ಮತ್ತೆ ಕಾರು ಹತ್ತಿದೆ. ಮುಂದೆ ದಾರಿಯ ಎರಡೂ ಬದಿ ಬ್ಲೂಬಾನೆಟ್ ನೀಲಿ ಹಾಸಿತ್ತು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ, ಹೇಳಬೇಕಾದ್ದನ್ನು ಜೋರಾಗಿ ಹೇಳಿಕೊಳ್ಳುತ್ತಾ ಓಡಿಸಿದೆ.

ಸ್ಕೂಲು ಬಿಡುವ ಹೊತ್ತಿಗೆ ಕಾರುಗಳ ಸಾಲಿನಲ್ಲಿ ನಿಂತಿದ್ದೆ. ಇಳಾ ವಯೊಲಿನ್ ಡಬ್ಬ ಹಿಂದಿನ ಸೀಟಿಗೆ ಹಾಕಿ ಮುಂದೆ ಕೂತು, "ಮಾಮ್? ಟ್ರೈನಿಂಗ್ ಮುಗೀತಾ?" ಅಂದಳು. ಸಾಲು ಮುಂದೆ ಸರಿಯಿತು. ಪಕ್ಕದ ಪಾರ್ಕಿಂಗಿಗೆ ತಿರುಗಿಸಿ ನಿಲ್ಲಿಸಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. "ಟ್ರೈನಿಂಗ್ ಇರಲಿಲ್ಲ ಪುಟ್ಟಿ. ಅವತ್ತು ತೆಗೆಸಿದ ಗಂಟು ಕೆಟ್ಟದ್ದೇ ಆಗಿತ್ತು. ರೇಡಿಯೇಶನ್ ಕೊಡ್ತಿದಾರೆ. ಇನ್ನೊಂದು ವಾರ ಇದೆ" ಅಂದೆ.

ಅವಳು ಅಳಲಿಲ್ಲ. "ನಿಂಗೆ ಯಾವಾಗಿಂದ ಗೊತ್ತು?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಡಿಸೆಂಬರಿನಿಂದ."

"ಅಂದ್ರೆ ಕ್ರಿಸ್‌ಮಸ್ ರಜೆ ಎಲ್ಲಾ? ನನ್ನ ಬರ್ತ್‌ಡೇ ದಿನಾನೂ?"

"ಹೌದು."

ಮನೆಗೆ ಹೋಗುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ರೂಮಿನ ಬಾಗಿಲು ಹಾಕಿಕೊಂಡವಳು ಶನಿವಾರ ಮಧ್ಯಾಹ್ನದವರೆಗೆ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ. ಪ್ರಕಾಶ್ ನನ್ನನ್ನು ನೋಡಿದ ರೀತಿಯಲ್ಲೇ, ನಾನು ಹೇಳಿದ್ದೆನಲ್ಲ ಅನ್ನೋದಿತ್ತು. ಮಧ್ಯಾಹ್ನ ನಾನು ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ಇಳಾ ಬಾಗಿಲು ತಳ್ಳಿಕೊಂಡು ಬಂದು, "ಶೋ ಮಿ" ಅಂದಳು. ನಾನು ಟವೆಲ್ ಎಳೆದುಕೊಂಡೆ. "ಪ್ಲೀಸ್" ಅಂದಳು. ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದ ಪ್ರಶ್ನೆ, "ಮೂರು ಗಂಟೆ ಸೀಟ್ ಬೆಲ್ಟ್ ಹೆಂಗೆ ಹಾಕ್ಕೊಂಡು ಬಂದೆ?"

ಭಾನುವಾರ ನಾನು ಹೊರಟಾಗ ಬ್ಯಾಗು ಹಾಕಿಕೊಂಡು ಬಂದು ಕಾರಿನಲ್ಲಿ ಕೂತಳು. ಎರಡು ದಿನ ಸ್ಕೂಲು ತಪ್ಪಿದರೂ ಪರವಾಗಿಲ್ಲ, ಮಂಗಳವಾರ ಅಪ್ಪ ಬಂದು ಕರೆದುಕೊಂಡು ಹೋಗಲಿ ಅಂದಳು. ಬೆಲ್ಟಿನ ಕೆಳಗೆ ಸಿಕ್ಕಿಸಲು ತನ್ನ ಹಳೇ ಮೃದು ದಿಂಬೊಂದನ್ನು ತಂದಿದ್ದಳು.

ಸುಶೀಲಾ ಆಂಟಿ ನಮ್ಮಿಬ್ಬರನ್ನೂ ಬಾಗಿಲಲ್ಲಿ ನೋಡಿ, "ಬಂದ್ರ್ಯಾ? ಊಟ ತಯಾರ ಅದ" ಅಂದರು ಅಷ್ಟೆ. ಊಟವಾದ ಮೇಲೆ ನಾನೇ ಡೋರಿಸ್ ಅಜ್ಜಿಯ ವಿಷಯ ತೆಗೆದೆ. ಆಂಟಿ ಪೂರ್ತಿ ಕೇಳಿಸಿಕೊಂಡರು. ಚಪ್ಪಲಿ ಮೆಟ್ಟಿಕೊಂಡು, "ನಡಿ, ತೋರಸು" ಅಂದರು. ನಾವು ಮೂವರೂ ಕಾಲುವೆಯ ದಾರಿಯಲ್ಲಿ ಹೋದೆವು. ಡೋರಿಸ್ ನಮ್ಮನ್ನು ಹಿತ್ತಲಿಗೆ ಕರೆದರು. ನಾನು ಕಾರಣ ವಿವರಿಸಿದಾಗ ಆ ಅಜ್ಜಿ ಆಂಟಿಯ ಕೈ ಹಿಡಿದುಕೊಂಡು, ಡಿಸೆಂಬರಿನಲ್ಲಿ ಬನ್ನಿ, ಎಷ್ಟು ಕೊಂಬೆ ಬೇಕೋ ಅಷ್ಟು ಕೊಡುತ್ತೇನೆ ಅಂದರು. ಆಂಟಿ ಹಸಿರು ಕಾಯಿಗಳನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. ಖುಷಿಯಾಯಿತು ಅಂತ ನಾನು ಹೇಳಲಾರೆ. ವಾಪಸ್ ಬರುವಾಗ, "ಇಷ್ಟ ವರ್ಷ ಇದ್ರೂ ಈ ಮುದುಕಿ ಒಬ್ಬಾಕಿನ ಇರ್ತಾಳ ಅಂತ ಗೊತ್ತಿರಲಿಲ್ಲ ನನಗ" ಅಂದರು. ಮಾರನೇ ದಿನದಿಂದ ಅವಲಕ್ಕಿಯ ಒಂದು ಡಬ್ಬ ಆ ಮನೆಗೂ ಹೋಗತೊಡಗಿತು. ಅಂಕಲ್ ಮರ ಕಡಿಯುವವರಿಗೆ ಬೇಡ ಅಂತ ತಾವೇ ಫೋನ್ ಮಾಡಿದರು. ಆದರೆ ಬೋಳಪ್ಪ ಅನ್ನೋದನ್ನು ಬಿಡಲಿಲ್ಲ.

ಮುಂದಿನ ಶುಕ್ರವಾರ ಟ್ರೀಟ್‌ಮೆಂಟ್ ಮುಗಿಯಿತು. ಡಿಸೆಂಬರಿನಲ್ಲಿ ಸ್ಕ್ಯಾನ್ ಮಾಡಿಸಿ ಅವತ್ತೇ ರಾತ್ರಿಗೆ ಮನೆ ಸೇರುವ ಹಾಗೆ ನಾನೊಬ್ಬಳೇ ಹ್ಯೂಸ್ಟನ್ನಿಗೆ ಬಂದೆ. ಆ ವೇಳೆಗೆ ಆಂಟಿ ಒಂದು ಹೆಣ್ಣು ಗಿಡ ತಂದಿದ್ದರು. ಈ ಸಲ ನರ್ಸರಿಯ ಚೀಟಿ ನಂಬಲಿಲ್ಲ. ಮೈಮೇಲೆ ಹಣ್ಣಿರುವುದನ್ನೇ ನೋಡಿ ತಂದಿದ್ದರು. ಅಂಕಲ್ ಬೈದುಕೊಳ್ಳುತ್ತಾ ಗುಂಡಿ ತೋಡಿದ್ದರು. ಸೊಂಟದೆತ್ತರದ ಗಿಡದಲ್ಲಿ ಹದಿನೈದು ಇಪ್ಪತ್ತು ಕೆಂಪು ಹಣ್ಣು. ಆಂಟಿ ಅದಕ್ಕೆ ನೀರು ಬಿಡುತ್ತಿದ್ದರು, ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆಗ ಆಸ್ಪತ್ರೆಯ ಫೋನ್ ಬಂತು.

ಬಲಗಡೆ ಒಂದು ಚುಕ್ಕೆ ಕಾಣುತ್ತಿದೆ ಅಂದರು ಡಾಕ್ಟರು. ಬಹುಶಃ ಏನೂ ಅಲ್ಲ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಅಲ್ಲಿಯವರೆಗೆ ಮಾಡುವಂಥದ್ದೇನೂ ಇಲ್ಲ. ಅದು ಏನೂ ಅಲ್ಲ ಅಂತ ಕೊನೆಗೆ ತಿಳಿದದ್ದು ಜೂನಿನಲ್ಲಿ. ಅವತ್ತು ಅದು ಗೊತ್ತಿರಲಿಲ್ಲ. ಆಂಟಿ ನೀರು ನಿಲ್ಲಿಸಿ ನನ್ನ ಕಡೆ ನೋಡಿದರು, ಏನೂ ಕೇಳಲಿಲ್ಲ. ನಾನು ಅವರಿಗೆ ಹೇಳಿದೆ. ಆಮೇಲೆ ಫೋನ್ ತೆಗೆದು, ಪ್ರಕಾಶನಿಗಿಂತ ಮೊದಲು, ಇಳಾಗೆ ಬರೆದೆ. ಚುಕ್ಕೆ, ಬಲಗಡೆ, ಆರು ತಿಂಗಳು, ಎಲ್ಲ ಬರೆದೆ. ಭಯಪಡಬೇಡ ಅಂತ ಬರೆದು ಅದನ್ನು ಅಳಿಸಿದೆ. ನನಗೆ ಭಯ ಆಗ್ತಿದೆ ಅಂತ ಬರೆದು ಕಳಿಸಿದೆ.

ಕ್ಲಾಸಿನಲ್ಲಿದ್ದಳೋ ಏನೋ, ಹತ್ತು ನಿಮಿಷ ಉತ್ತರ ಬರಲಿಲ್ಲ. ನಾನು ಎದ್ದು ಗೇಟಿನವರೆಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಆಮೇಲೆ ಬಂತು.

"ಓಕೆ. ಮೀ ಟೂ. ಊಟಕ್ಕೆ ಕಾಯ್ಲಾ?"